ಕಾಲಡಿಯ ಪೆಟ್ಟಿಗೆ

ಹೋದ ವರ್ಷ ಉಗಾದಿ ಆದ ನಾಲ್ಕನೇ ದಿನ ಬಾಗಳಿಯಲ್ಲಿ ನಾಟಕವಿತ್ತು. ರಾತ್ರಿ ಎರಡೂವರೆ ದಾಟಿತ್ತು. ಮಗನ ಹೆಣದ ಮುಂದೆ ಕೂತ ತಾಯಿ ಹಾಡು ಎತ್ತಿಕೊಳ್ಳುವ ಜಾಗ. ಮೇಷ್ಟ್ರು ಪೇಟಿಯಲ್ಲಿ ಸ್ವರ ಹಿಡಿದು ಕೊಟ್ಟರು. ತಾಯಿ ಪಾತ್ರದ ಕಲಾವಿದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕ್ಷಣಕಾಲ ಸುಮ್ಮನೆ ಕೂತರು. ಜನರೂ ಸುಮ್ಮನಿದ್ದರು. ಅಷ್ಟರಲ್ಲಿ ಗಿಟಾರಿನಿಂದ ಟ್ರ್ಯಾಕ್ಟರಿನ ಗೇರು ಕಿತ್ತುಕೊಂಡಂಥ ಸದ್ದು ಎದ್ದು, ಬಸ್‌ಸ್ಟ್ಯಾಂಡಿನ ಹಾರ್ನಿನವರೆಗೂ ಹೋಗಿ ಮರಳಿ ಬಂತು. ಹಿಂದೆ ಕೂತಿದ್ದ ಹುಡುಗರು ಶಿಳ್ಳೆ ಹಾಕಿದರು. ಹೆಣವಾಗಿ ಮಲಗಿದ್ದವನೂ ನಕ್ಕ. ಕಲಾವಿದೆ ಹಾಡದೆ ಎದ್ದು ಒಳಗೆ ಹೋದರು.

ಗಿಟಾರ್ ನುಡಿಸುತ್ತಿದ್ದವನು ನನ್ನ ಚಿಕ್ಕಪ್ಪನ ಮಗ. ಅವನ ಕಾಲ ಬಳಿ ಇದ್ದ ಎಫೆಕ್ಟ್ಸ್ ಪೆಟ್ಟಿಗೆಯನ್ನು ಗೆಳತಿಯೊಬ್ಬಳಿಂದ ಕಡ ತಂದುಕೊಟ್ಟವಳು ನಾನು. ಅದರೊಳಗೆ ಸದ್ದುಗಳನ್ನು ಸಾಲಾಗಿ ಜೋಡಿಸಿಟ್ಟವಳೂ ನಾನೇ. ಆ ಪೆಟ್ಟಿಗೆಗೆ ಇದ್ದದ್ದು ಎರಡೇ ಗುಂಡಿ: ಒಂದನ್ನು ತುಳಿದರೆ ಮುಂದಿನ ಸದ್ದು, ಇನ್ನೊಂದನ್ನು ತುಳಿದರೆ ಹಿಂದಿನದು. ಸಂಶೋಧನೆಯ ಚಟ ನೋಡಿ, ನಾನು ಸದ್ದುಗಳನ್ನು ಬಗೆಬಗೆಯಾಗಿ ವಿಂಗಡಿಸಿದ್ದೆ. ಶುದ್ಧ ಸದ್ದುಗಳು ಒಂದು ಕಡೆ, ಒರಟು ಸದ್ದುಗಳು ಒಂದು ಕಡೆ, ಮಾರ್ದನಿಯವು ಇನ್ನೊಂದು ಕಡೆ, ಪ್ರಬಂಧದ ಅನುಕ್ರಮಣಿಕೆಯ ಹಾಗೆ. ನಾಟಕದ ದೃಶ್ಯಗಳು ಆ ಅನುಕ್ರಮದಲ್ಲಿ ಬರುವುದಿಲ್ಲವೆಂಬುದು ಹೊಳೆಯಲಿಲ್ಲ. ಹಾಸ್ಯದ ದೃಶ್ಯದ ಸದ್ದಿನಿಂದ ದುಃಖದ ಸದ್ದಿಗೆ ಹೋಗಬೇಕಾದರೆ ಅವನು ಮೂರು ಒರಟು ಸದ್ದುಗಳನ್ನು ದಾಟಿ ಹೋಗಬೇಕಿತ್ತು. ದಾಟುವಾಗ ತಂತಿಗೆ ಕೈ ತಗುಲಿತು. ಅಷ್ಟೇ.

ಮರುದಿನ ತಂಡದವರು ಲೆಕ್ಕ ಮಾಡುವಾಗ ಗಿಟಾರ್ ಇನ್ನು ಬೇಡ ಎಂಬ ಮಾತು ಬಂತು. ನನ್ನ ತಮ್ಮ ಹಗಲು ಹರಪನಹಳ್ಳಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ನಾಟಕದ ದಿನಗಳಲ್ಲಿ ರಾತ್ರಿಗೆ ಸಾವಿರದ ಐನೂರು ರೂಪಾಯಿ ಸಿಗುತ್ತದೆ, ಮನೆಗೆ ಅದು ಸಣ್ಣ ದುಡ್ಡಲ್ಲ. ಅವನ ಪರವಾಗಿ ಮಾತಾಡಿದವರು ಪೇಟಿ ಮೇಷ್ಟ್ರು ಒಬ್ಬರೇ. ಅದೂ ಷರತ್ತು ಹಾಕಿ.

‘ಹುಡುಗನ ಕೈ ಚಲೋ ಐತಿ. ಕಣ್ಣು ಮಾತ್ರ ಪೆಟಿಗಿ ಮ್ಯಾಲೆ ಐತಿ. ಪಾತ್ರದ ಮ್ಯಾಲೆ ಕಣ್ಣಿಟ್ಟು ನುಡಸಂಗಿದ್ರೆ ಬರ್ಲಿ, ಇಲ್ಲಂದ್ರೆ ಬ್ಯಾಡ.’

ಮುಂದಿನ ನಾಟಕಕ್ಕೆ ಎರಡು ತಿಂಗಳಿತ್ತು. ‘ಅಕ್ಕಾ, ಪಿಎಚ್‌.ಡಿ. ಮಾಡಾಕಿ ನೀನು. ಹತ್ತು ಸಾವಿರದೊಳಗ ಯಾವ್ದು ತಗಳ್ಳಿ, ನೀನೇ ಹೇಳು’ ಅಂದ. ನನ್ನ ಸಂಶೋಧನೆ ಈ ಸೀಮೆಯ ಹವ್ಯಾಸಿ ನಾಟಕಗಳ ಸಂಗೀತದ ಮೇಲೆ. ಗಿಟಾರಿನ ಪೆಟ್ಟಿಗೆ ಅದರೊಳಗೆ ಬರುತ್ತದೆಂದು ಯಾವತ್ತೂ ಅಂದುಕೊಂಡಿರಲಿಲ್ಲ. ಆದರೆ ಮೇಷ್ಟ್ರ ಮಾತು ಕಿವಿಯಲ್ಲಿ ಉಳಿದಿತ್ತು. ಅವರ ಪೇಟಿಯೂ ಪೆಟ್ಟಿಗೆಯೇ ತಾನೆ? ಅದರ ಮೇಲೆ ಕಣ್ಣಿಡದೆ ಅವರು ಹೇಗೆ ನುಡಿಸುತ್ತಾರೆ?

ಬಾಗಳಿ ಗೊತ್ತಿಲ್ಲದವರಿಗೆ ಒಂದು ಮಾತು. ಹರಪನಹಳ್ಳಿಗೆ ಹತ್ತಿರದ ಊರು. ರಾಷ್ಟ್ರಕೂಟರ ಕೊನೆಗಾಲದಲ್ಲಿ ಶುರುವಾಗಿ, ಚಾಲುಕ್ಯ ಇಮ್ಮಡಿ ತೈಲಪನ ಕಾಲದಲ್ಲಿ, 987ರ ಸುಮಾರಿಗೆ ಬೆಳೆದ ಕಲ್ಲೇಶ್ವರ ಗುಡಿಯಿಂದಾಗಿ ಇತಿಹಾಸದ ಪುಸ್ತಕಗಳಲ್ಲಿ ಊರಿಗೆ ಜಾಗ ಸಿಕ್ಕಿದೆ. ನಾವು ಹುಟ್ಟುವ ಹೊತ್ತಿಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆ. ಜಿಲ್ಲೆ ಎಷ್ಟು ಸಲ ಬದಲಾದರೂ ಸುಗ್ಗಿ ಮುಗಿದ ಮೇಲಿನ ನಾಟಕ ಮಾತ್ರ ತಪ್ಪಿಲ್ಲ. ಊರ ಹುಡುಗರು ಮೂರು ತಿಂಗಳು ತಾಲೀಮು ಮಾಡುತ್ತಾರೆ. ಸ್ತ್ರೀ ಪಾತ್ರಕ್ಕೆ ಮರಿಯಮ್ಮನಹಳ್ಳಿಯಂಥ ಊರುಗಳಿಂದ ಕಲಾವಿದೆಯರು ಬರುತ್ತಾರೆ. ಪರದೆ, ಸೀನು, ಲೈಟು ಬಾಡಿಗೆಗೆ. ಪೇಟಿ ಮೇಷ್ಟ್ರು ವೇದಿಕೆಯ ಮುಂದೆ, ಕೆಳಗೆ, ಪಾತ್ರಗಳಿಗೆ ಮುಖ ಮಾಡಿ ಕೂರುತ್ತಾರೆ. ಈಚಿನ ವರ್ಷಗಳಲ್ಲಿ ಅವರ ಪಕ್ಕದಲ್ಲಿ ಕ್ಯಾಸಿಯೊ, ತಬಲಾದ ಪಕ್ಕದಲ್ಲಿ ರಿದಮ್ ಪ್ಯಾಡ್. ಕ್ಯಾಸಿಯೊ ಕಂಪನಿಯ ಮೊದಲ ಕೀಬೋರ್ಡ್ ಬಂದದ್ದು 1980ರಲ್ಲಿ, ರೋಲೆಂಡಿನ ಆಕ್ಟಾಪ್ಯಾಡ್ 1985ರಲ್ಲಿ. ಆ ಸಾಲಿನ ಕೊನೆಯಲ್ಲಿ ಬಂದು ಕೂತವನು ಗಿಟಾರಿನ ನನ್ನ ತಮ್ಮ.

ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. ಅವರದು ಲೆಗ್ ಹಾರ್ಮೋನಿಯಂ, ಅವರ ಮಾತಿನಲ್ಲಿ ‘ಕಾಲಪೇಟಿ’. ನಾನು ಮೂರು ದಿನ ಅವರ ಮನೆಗೆ ಹೋಗಿ ಅದನ್ನು ಬಿಚ್ಚಿಸಿ ನೋಡಿದೆ. ಮಣೆಗಳ ಕೆಳಗೆ, ಮುಂಬದಿಗೆ, ಒಂದು ಸಾಲು ಗುಬ್ಬಿಗಳು. ಎಳೆದರೆ ಗಾಳಿಯ ದಾರಿ ತೆರೆಯುತ್ತದೆ, ದೂಡಿದರೆ ಮುಚ್ಚುತ್ತದೆ. ಒಂದು ಗುಬ್ಬಿ ಎಳೆದರೆ ಮಂದ್ರದ ರೀಡುಗಳು, ಇನ್ನೊಂದು ಎಳೆದರೆ ಮಧ್ಯದವು. ಎರಡನ್ನೂ ಎಳೆದರೆ ದನಿ ದಪ್ಪ. ಮತ್ತೊಂದು ಗುಬ್ಬಿ ಒಂದೇ ಶ್ರುತಿಯನ್ನು ಬಿಡದೆ ಹಿಡಿದು ನಿಲ್ಲಿಸುತ್ತದೆ. ಟ್ರೆಮೊಲೊ ಗುಬ್ಬಿ ಎಳೆದರೆ ಗಾಳಿಯ ದಾರಿಯಲ್ಲಿ ಸಣ್ಣ ರೆಕ್ಕೆಯೊಂದು ಬಡಿದಾಡಿ ದನಿ ನಡುಗುತ್ತದೆ. ಕಪ್ಲರ್ ಹಾಕಿದರೆ ಒಂದು ಮಣೆ ಒತ್ತಿದಾಗ ಅದರ ಸಪ್ತಕದ ಜೋಡಿ ಮಣೆ ತಾನಾಗಿ ಕೆಳಗಿಳಿಯುತ್ತದೆ.

ಈಗ ಗಿಟಾರಿನ ಮಲ್ಟಿ-ಎಫೆಕ್ಟ್ಸ್ ಪೆಟ್ಟಿಗೆಯ ಪಟ್ಟಿ ತೆಗೆದು ನೋಡಿ. ಆಕ್ಟೇವ್ ಎಂಬುದು ಸಪ್ತಕದ ಜೋಡಿ ಸ್ವರ ಸೇರಿಸುತ್ತದೆ, ಅಂದರೆ ಕಪ್ಲರ್. ಟ್ರೆಮೊಲೊ ಎಂಬ ಹೆಸರು ಹಾಗೇ ಇದೆ. ತುಸು ಅಪಶ್ರುತಿಯ ಎರಡು ದನಿ ಸೇರಿಸಿ ದಪ್ಪ ಮಾಡುವುದನ್ನು ಕೋರಸ್ ಅನ್ನುತ್ತಾರೆ. ಎರಡು ಸಾಲು ರೀಡು ಒಟ್ಟಿಗೆ ತೆರೆದಾಗ ಕಿವಿಗೆ ಆಗುವುದು ಅದರ ಹತ್ತಿರದ್ದೇ. ಅಂದರೆ ಒಂದೇ ಪೆಟ್ಟಿಗೆಯೊಳಗೆ ನಾಲ್ಕಾರು ಬಣ್ಣದ ದನಿ ತುಂಬಿ ಬೇಕಾದಾಗ ಬೇಕಾದ್ದನ್ನು ತೆಗೆಯುವ ಉಪಾಯ ನಮ್ಮ ನಾಟಕಕ್ಕೆ ಗಿಟಾರಿನೊಂದಿಗೆ ಬಂದದ್ದಲ್ಲ. ನೂರು ವರ್ಷಕ್ಕೂ ಹಳೆಯದು.

ಪ್ಯಾರಿಸಿನ ಅಲೆಕ್ಸಾಂದ್ರ್ ದೆಬ್ಯಾಂ 1842ರಲ್ಲಿ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದ. ಅದು ಕುರ್ಚಿಯಲ್ಲಿ ಕೂತು ಕಾಲಿನಿಂದ ತಿದಿ ಒತ್ತುವ ವಾದ್ಯ. ನೆಲದ ಮೇಲೆ ಕೂರುವ ನಮ್ಮವರಿಗೆ ಒಗ್ಗುವಂತೆ, ಒಂದು ಕೈಯಲ್ಲಿ ತಿದಿ ಒತ್ತುವ ಪೇಟಿ ಮಾಡಿದವರೆಂದು ಕಲ್ಕತ್ತೆಯ ದ್ವಾರಕಾನಾಥ ಘೋಷರ ಹೆಸರು ಹೇಳುತ್ತಾರೆ. ಅವರ ದ್ವಾರ್ಕಿನ್ ಅಂಗಡಿ ಶುರುವಾದದ್ದು 1875ರಲ್ಲಿ. ಅದೇ ಕಾಲಕ್ಕೆ ಇತ್ತ ಕಡೆ ನಾಟಕ ಕಂಪನಿಗಳು ಹುಟ್ಟುತ್ತಿದ್ದವು. ಗದಗಿನ ಶಾಂತಕವಿಗಳು ಮರಾಠಿ ನಾಟಕಗಳ ಅಬ್ಬರ ಕಂಡು 1870ರ ದಶಕದಲ್ಲಿ ಕನ್ನಡದ್ದೇ ಮಂಡಳಿ ಕಟ್ಟಿದರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಮರಾಠಿಯ ಸಂಗೀತ ಶಾಕುಂತಲ ಆಡಿಸಿದರು. ಗುಬ್ಬಿ ಕಂಪನಿ 1884ರದ್ದು. ಬಳ್ಳಾರಿಯಲ್ಲಿ ಧರ್ಮವರಂ ರಾಮಕೃಷ್ಣಾಚಾರ್ಯರು ತೆಲುಗು ನಾಟಕಗಳಲ್ಲಿ ಹಾಡುಗಳ ಮಳೆ ಸುರಿಸಿದರು. ಈ ಕಂಪನಿಗಳು ಊರಿಂದ ಊರಿಗೆ ಗಾಡಿಯಲ್ಲಿ ಸಾಮಾನು ಹೊತ್ತು ಹೋಗುವಂಥವು. ಮೈಕು ಇರದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸುವಷ್ಟು ದನಿ, ಮಳೆ ಬಿಸಿಲಿಗೆ ತಟಕ್ಕನೆ ಶ್ರುತಿ ತಪ್ಪದ ಗುಣ, ಒಬ್ಬನೇ ಮನುಷ್ಯ ನಾಲ್ಕು ಜನರ ಮೇಳದಷ್ಟು ತುಂಬಬಲ್ಲ ಅನುಕೂಲ, ಮೂರೂ ಬೇಕಿತ್ತು. ಮೂರೂ ಪೇಟಿಯಲ್ಲಿತ್ತು. ಸಾರಂಗಿಯವನಿಗೆ, ಪಿಟೀಲಿನವನಿಗೆ ಕೊಡಬೇಕಾದ ಸಂಬಳ ಉಳಿಯಿತು ಎಂಬುದನ್ನೂ ಸೇರಿಸಬೇಕು. ಕ್ಯಾಸಿಯೊ ಬಂದಾಗ ಮೇಷ್ಟ್ರಿಗೆ ಎದುರಾದ ಸಂಕಟವನ್ನು ಅವರಿಗಿಂತ ಹಿಂದಿನ ತಲೆಮಾರಿನ ಪೇಟಿಯೇ ಬೇರೆಯವರಿಗೆ ಕೊಟ್ಟಿತ್ತು. ಇದನ್ನು ಹೇಳಿದರೆ ಮೇಷ್ಟ್ರಿಗೆ ಸಿಟ್ಟು ಬರುತ್ತದೆ. ಹೇಳಿದ್ದೇನೆ, ಬಂದಿದೆ.

ಪೇಟಿಗೆ ಬೈಗುಳವೂ ಕಡಿಮೆ ಬೀಳಲಿಲ್ಲ. ಅದರ ಮಣೆಗಳು ಮೆಟ್ಟಿಲು ಇದ್ದ ಹಾಗೆ, ಒಂದರಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ. ನಮ್ಮ ಸಂಗೀತದ ಜೀವವಿರುವುದೇ ಆ ಜಾರುವಿಕೆಯಲ್ಲಿ, ಗಮಕದಲ್ಲಿ, ಮೀಂಡಿನಲ್ಲಿ. ರವೀಂದ್ರನಾಥ ಟ್ಯಾಗೋರರಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ಲಿಯೊನೆಲ್ ಫೀಲ್ಡನ್ ಮುಖ್ಯಸ್ಥರಾಗಿದ್ದಾಗ, 1940ರ ಮಾರ್ಚ್ 1ರಿಂದ, ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗೆ ಹಾಕಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಧಾರವಾಡದ ಆಕಾಶವಾಣಿ ಕೇಂದ್ರ ಶುರುವಾದದ್ದು 1950ರಲ್ಲಿ. ಎಂದರೆ ಅದರ ಮೊದಲ ಇಪ್ಪತ್ತು ವರ್ಷ ಪೇಟಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು ಇಬ್ಬರೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿದವರು. ನಾಟಕದ ಡೇರೆಯೊಳಗೆ ರಾಜನಂತಿದ್ದ ವಾದ್ಯ, ರೇಡಿಯೋ ಸ್ಟುಡಿಯೋದ ಬಾಗಿಲಲ್ಲಿ ಚಪ್ಪಲಿ ಹಾಗೆ ಹೊರಗುಳಿಯಿತು.

ಬೈದವರು ಹೇಳಿದ್ದು ಸುಳ್ಳಲ್ಲ. ಆದರೂ ನಾಟಕ ಪೇಟಿಯನ್ನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದಕ್ಕೆ ನನಗೆ ಪುಸ್ತಕದಲ್ಲಿ ಸಿಗದ ಉತ್ತರ ಮೇಷ್ಟ್ರ ಕಾಲಿನಲ್ಲಿ ಸಿಕ್ಕಿತು. ಅವರು ನುಡಿಸುವಾಗ ನಾನು ಕೈ ನೋಡುವುದನ್ನು ಬಿಟ್ಟು ಕಾಲು ನೋಡಿದೆ. ಪಾತ್ರಧಾರಿ ಉಸಿರು ತೆಗೆದುಕೊಂಡಾಗ ಪಾದ ನಿಧಾನವಾಗುತ್ತದೆ, ಮಾತು ಏರುವಾಗ ಒತ್ತು ಬಿಗಿಯಾಗುತ್ತದೆ. ಮಾತು ಮುಗಿದ ಮೇಲೂ ತಿದಿಯಲ್ಲಿ ಉಳಿದ ಗಾಳಿಯಲ್ಲಿ ಸ್ವರ ಸಣ್ಣಗೆ ಎಳೆದು ಆರುತ್ತದೆ. ಸ್ವರದಿಂದ ಸ್ವರಕ್ಕೆ ಜಾರಲಾಗದ ವಾದ್ಯಕ್ಕೆ ಏರಿಳಿತವಾದರೂ ಸಾಧ್ಯವಿತ್ತು, ಅದು ಕಾಲಿನಿಂದ ಬರುತ್ತಿತ್ತು. ಗುಬ್ಬಿಗಳನ್ನು ಅವರು ನಾಟಕ ಪೂರ್ತಿ ಮುಟ್ಟಿದ್ದು ಆರೋ ಏಳೋ ಸಲ. ಅದೂ ಕತ್ತಲಲ್ಲಿ, ನೋಡದೆ. ಟ್ರೆಮೊಲೊ ಗುಬ್ಬಿಯ ನೆತ್ತಿಗೆ ಅವರು ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದರು, ಎಂದೋ ಸೈಕಲ್ಲಿಗೆ ಬಳಿದು ಉಳಿದ ಬಣ್ಣ.

ಇಲ್ಲಿಂದ ನಾನು ಗಿಟಾರಿನ ಪೆಟ್ಟಿಗೆಯ ಚರಿತ್ರೆಯನ್ನು ಬೇರೆ ಕಣ್ಣಿನಿಂದ ಓದತೊಡಗಿದೆ.

ಆ ಚರಿತ್ರೆ ಶುರುವಾಗುವುದು ಕೆಟ್ಟುಹೋದ ಯಂತ್ರದಿಂದ. 1961ರ ಸುಮಾರಿಗೆ ಅಮೆರಿಕದ ನ್ಯಾಶ್ವಿಲ್ಲಿನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡಿನ ಧ್ವನಿಮುದ್ರಣ ನಡೆದಿತ್ತು. ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಗಿಟಾರಿನ ಭಾಗ, ಮಿಕ್ಸರಿನ ಒಂದು ಚಾನೆಲ್ ಕೆಟ್ಟಿದ್ದರಿಂದ, ಹರಿದ ತಗಡಿನಂತೆ ಗರಗರ ಕೇಳಿಸಿತು. ಅದನ್ನು ಹಾಗೆಯೇ ಉಳಿಸಿಕೊಂಡರು. ಜನಕ್ಕೆ ಹಿಡಿಸಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಕೆಡುಕನ್ನು ಬೇಕೆಂದಾಗ ಮಾಡುವ ಸರ್ಕ್ಯೂಟ್ ಕಟ್ಟಿದ. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮ್ಯಾಸ್ಟ್ರೋ ಫಜ್-ಟೋನ್ ಎಂದು ಮಾರಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಒಂದು ಹಾಡಿನಿಂದ ಅದು ಲೋಕಕ್ಕೆಲ್ಲ ಹಬ್ಬಿತು. ನಮ್ಮ ನಾಟಕವನ್ನು ಕೆಡಿಸಿದ ಗೇರಿನ ಸದ್ದು ಅದರ ಮೊಮ್ಮಗ.

ಇದನ್ನು ಓದಿದಾಗ ನನಗೆ ತಂಬೂರಿ ನೆನಪಾಯಿತು. ಕುದುರೆಯ ಮೇಲೆ ತಂತಿಯ ಕೆಳಗೆ ದಾರದೆಳೆ ಸೇರಿಸಿ, ಕೂದಲೆಳೆಯಷ್ಟು ಆಚೆ ಈಚೆ ಸರಿಸಿ, ತಂತಿ ಝೇಂಕರಿಸುವಂತೆ ಮಾಡುತ್ತಾರಲ್ಲ, ಅದೂ ಶುದ್ಧ ಸದ್ದನ್ನು ಬೇಕೆಂದೇ ಒರಟು ಮಾಡುವ ಉಪಾಯ. ಹಿಂದುಸ್ತಾನಿಯವರು ಅದನ್ನು ಜವಾರಿ ಅನ್ನುತ್ತಾರೆ. ನಮ್ಮ ಕಡೆ ಜವಾರಿ ಅಂದರೆ ನಾಟಿ: ಜವಾರಿ ಕೋಳಿ, ಜವಾರಿ ಬದನೆಕಾಯಿ. ಎರಡು ಶಬ್ದಗಳಿಗೆ ನಂಟಿದೆಯೋ ಇಲ್ಲವೋ ಭಾಷಾಶಾಸ್ತ್ರದವರು ಹೇಳಲಿ, ನನ್ನ ತಮ್ಮನಿಗಂತೂ ಫಜ್ ಏನೆಂದು ತಿಳಿಸಲು ಆ ಒಂದು ಪದ ಸಾಕಾಯಿತು. ಉಚ್ಚಂಗಿದುರ್ಗದ ಹಾದಿಯಲ್ಲಿ ಚೌಡಿಕೆ ನುಡಿಸಿಕೊಂಡು ಹೋಗುವ ಜೋಗತಿಯರ ತಂತಿಯ ದನಿಯೂ ನಯವಾದದ್ದಲ್ಲ. ಒರಟು ಸದ್ದಿಗೆ ನಮ್ಮ ಕಿವಿ ಹೊಸತಲ್ಲ. ಆ ರಾತ್ರಿ ಕೆಟ್ಟದ್ದು ಒರಟು ಸದ್ದಿನಿಂದಲ್ಲ, ಅದು ಬಂದ ಹೊತ್ತಿನಿಂದ.

ಮಾರ್ದನಿಯ ಕತೆ ಇನ್ನೂ ಉದ್ದ. ಮೊದಲು ಟೇಪು: ಒಂದು ಕಡೆ ಸದ್ದನ್ನು ಬರೆದು, ಟೇಪು ಮುಂದೆ ಸರಿದ ಮೇಲೆ ಓದಿ, ಆ ತಡವನ್ನೇ ಮಾರ್ದನಿ ಮಾಡಿದರು. 1969ರಲ್ಲಿ ಫಿಲಿಪ್ಸ್ ಕಂಪನಿಯ ಇಬ್ಬರು ಸಂಶೋಧಕರು ಟೇಪಿಲ್ಲದೆ ಆ ತಡ ಹುಟ್ಟಿಸುವ ದಾರಿ ಕಂಡುಹಿಡಿದರು. ಬಾವಿಯಿಂದ ಮನೆತನಕ ಜನ ಸಾಲಾಗಿ ನಿಂತು ಕೊಡವನ್ನು ಕೈಯಿಂದ ಕೈಗೆ ದಾಟಿಸುವಂತೆ, ವಿದ್ಯುತ್ತಿನ ಸಣ್ಣ ಸಣ್ಣ ಪಾಲನ್ನು ಸಾಲು ಮನೆಗಳಲ್ಲಿ ದಾಟಿಸುವುದು. 1983ರಲ್ಲಿ ಜಪಾನಿನ ಬಾಸ್ ಕಂಪನಿ ಅಂಕಿಗಳ ಲೆಕ್ಕದಲ್ಲಿ ಕೆಲಸ ಮಾಡುವ ಡಿಲೇಯನ್ನು ಅಂಗೈಯಗಲದ ಪೆಡಲಿನಲ್ಲಿ ಕೊಟ್ಟಿತು. ಅಷ್ಟರವರೆಗೆ ಒಂದೊಂದು ಪರಿಣಾಮಕ್ಕೆ ಒಂದೊಂದು ಪೆಟ್ಟಿಗೆ, ನಡುವೆ ತಂತಿಗಳ ಜಾಲ. 1988ರಲ್ಲಿ ಅದೇ ಕಂಪನಿಯ ಎಂಇ-5 ಬಂತು: ಹಲವು ಪರಿಣಾಮ ಒಂದೇ ಮೈಯಲ್ಲಿ, ನೆಲದ ಮೇಲೆ, ಕಾಲಿಗೆ ಸಿಗುವಂತೆ. ಆಮೇಲೆ ಜೂಮ್ ಕಂಪನಿಯವರು ಅದನ್ನು ಸಾಮಾನ್ಯರ ಕೈಗೆಟುಕುವ ಬೆಲೆಗೆ ಇಳಿಸಿದರು. ಅಲ್ಲಿಂದ ಮುಂದೆ ಕಂಪನಿಗಳದು ಒಂದೇ ಪೈಪೋಟಿ. ನಮ್ಮಲ್ಲಿ ಐವತ್ತು ಸದ್ದು, ನಮ್ಮಲ್ಲಿ ನೂರು, ನಮ್ಮಲ್ಲಿ ನೂರೈವತ್ತು.

ನನ್ನ ತಮ್ಮ ನೋಡಿಟ್ಟುಕೊಂಡಿದ್ದೂ ಆ ನೂರೈವತ್ತರದ್ದೇ.

ನಮ್ಮ ಪಟ್ಟಿಯಿಂದ ಮೊದಲು ಹೊರಗೆ ಹೋದದ್ದು ಮಾರ್ದನಿಗಳು. ಅದಕ್ಕೊಂದು ಕಾರಣವಿದೆ. ನಾಟಕದ ರಾತ್ರಿ ಗಿಟಾರಿನ ಸದ್ದು ಯಾಕೆ ಅಷ್ಟು ಕಲಸಿಹೋಗಿ ಕೇಳಿಸಿತೆಂದು ತಿಳಿಯಲು ವೇದಿಕೆಯ ಜಾಗದಿಂದ ಬಸ್‌ಸ್ಟ್ಯಾಂಡಿನ ಹಾರ್ನ್ ಕಟ್ಟಿದ್ದ ಕಂಬದವರೆಗೆ ಹೆಜ್ಜೆ ಹಾಕಿ ಎಣಿಸಿದೆ. 180 ಹೆಜ್ಜೆ, ಸುಮಾರು 120 ಮೀಟರ್. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 345 ಮೀಟರ್ ಹೋಗುತ್ತದೆ. ವೈರಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಆ ಕಂಬ ಮುಟ್ಟಿದ ಸದ್ದು, ಗಾಳಿಯಲ್ಲಿ ವೇದಿಕೆಯ ಹತ್ತಿರ ಕೂತವರಿಗೆ ಮರಳಿ ಬರಲು ಸೆಕೆಂಡಿನ ಮೂರನೇ ಒಂದು ಭಾಗ ಹಿಡಿಯುತ್ತದೆ. ನಾನು ಪೆಟ್ಟಿಗೆಯಲ್ಲಿ ಇಟ್ಟಿದ್ದ ಡಿಲೇ 380 ಮಿಲಿಸೆಕೆಂಡು, ಅಂದರೆ ಹೆಚ್ಚುಕಡಿಮೆ ಅಷ್ಟೇ. ಅದರ ಮೇಲೆ ಮೈಕ್‌ಸೆಟ್ಟಿನವನು ಆಂಪ್ಲಿಫೈಯರಿನ ಎಕೋ ಗುಂಡಿಯನ್ನು ತನ್ನ ಪಾಡಿಗೆ ಅರ್ಧ ತಿರುಗಿಸಿಟ್ಟಿದ್ದ. ರಾಜನ ಪಾರ್ಟಿನವರಿಗೆ ಎಕೋ ಇಲ್ಲದಿದ್ದರೆ ಮೀಸೆ ಬೋಳಿಸಿದಂತೆ. ಒಂದರ ಮೇಲೊಂದು ಮೂರು ಮಾರ್ದನಿ ಬಿದ್ದಾಗ ಸ್ವರ ಎಲ್ಲಿ ಉಳಿಯಬೇಕು? ಬಾಗಳಿಯ ಬೀದಿಗೇ ಒಂದು ಡಿಲೇ ಇತ್ತು, ಪುಕ್ಕಟೆ. ನಾವು ದುಡ್ಡು ಕೊಟ್ಟು ಇನ್ನೊಂದು ಕೊಳ್ಳುವ ಅಗತ್ಯವಿರಲಿಲ್ಲ.

ರಿವರ್ಬ್‌ ವಿಷಯದಲ್ಲೂ ಹಾಗೇ. ಪೆಟ್ಟಿಗೆಗಳಲ್ಲಿ ಅದಕ್ಕೆ ಕಟ್ಟಡಗಳ ಹೆಸರಿರುತ್ತದೆ: ರೂಮ್, ಹಾಲ್, ಚೇಂಬರ್, ಕ್ಯಾಥೆಡ್ರಲ್. ಒಂದು ಮಧ್ಯಾಹ್ನ ನಾವಿಬ್ಬರೂ ಕಲ್ಲೇಶ್ವರ ಗುಡಿಯ ಮುಂದಿನ ತೆರೆದ ಮಂಟಪದಲ್ಲಿ ಕೂತು ಚಪ್ಪಾಳೆ ತಟ್ಟಿ ನೋಡಿದೆವು. ಸುತ್ತ ಗೋಡೆಯಿಲ್ಲ, ತಿರುಗಣೆಯಲ್ಲಿ ಕಡೆದ ಕಂಬಗಳ ಸಾಲು ಅಷ್ಟೇ. ಸದ್ದು ಎಲ್ಲೂ ಬಡಿದು ಬರಲಿಲ್ಲ, ಕಂಬಗಳ ದುಂಡುಮೈಗೆ ತಾಗಿ ಚೂರಾಗಿ ಹೊರಗೆ ಹೋಯಿತು. ತಮ್ಮ ಮೊಬೈಲಿನಲ್ಲಿ ಪೆಟ್ಟಿಗೆಯ ಪಟ್ಟಿ ಹಿಡಿದುಕೊಂಡು, ‘ಇದ್ರಾಗ ಇಂಥದ್ದಿಲ್ಲ ಅಕ್ಕಾ’ ಅಂದ. ಇಲ್ಲ. ಚಾಲುಕ್ಯರ ಗುಡಿಯನ್ನು ಯಾರೂ ಪೆಟ್ಟಿಗೆಗೆ ಹಾಕಿಲ್ಲ. ನಮಗೂ ಬೇಕಿರಲಿಲ್ಲ, ಆದರೂ ಒಂದಿಷ್ಟು ಹೊತ್ತು ಬೇಜಾರಾಯಿತು.

ಆ ದಿನಗಳಲ್ಲಿ ಇನ್ನೊಂದು ಪೆಟ್ಟಿಗೆಯ ಬಗ್ಗೆಯೂ ಯೋಚಿಸಿದೆ. 1979ರಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದ ಜಿ. ರಾಜ್‌ನಾರಾಯಣ್ ಎಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. ಈಗ ಕನ್ನಡನಾಡಿನ ಸಂಗೀತ ಪಾಠದ ಮನೆಗಳಲ್ಲಿ ಅಂಥ ಪೆಟ್ಟಿಗೆ ಕಾಣದಿರುವುದು ಅಪರೂಪ. ನನ್ನ ಪಿಟೀಲು ಟೀಚರ್ ಮನೆಯಲ್ಲಿದ್ದುದರ ಮೇಲೆ ನಾನು ಹತ್ತು ವರ್ಷ ಕಣ್ಣಿಟ್ಟು ಕೂತವಳು. ಶ್ರುತಿಗೊಂದು ಗುಂಡಿ, ಮೀಟಿನ ವೇಗಕ್ಕೊಂದು, ದನಿಯ ಪ್ರಮಾಣಕ್ಕೊಂದು. ಟೀಚರ್ ಒಮ್ಮೆ ತಿರುಗಿಸಿಟ್ಟರೆ ಪಾಠ ಮುಗಿಯುವವರೆಗೆ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ವಾದ್ಯ ನುಡಿಸುವವನೇ ಪೆಟ್ಟಿಗೆ ಮಾಡಿದಾಗ ಗುಂಡಿಗಳು ಎಷ್ಟಿರಬೇಕೆಂದು ಅವನ ಕೈಗೆ ಗೊತ್ತಿರುತ್ತದೆ ಎಂಬುದು ನನ್ನ ಅಂದಾಜು.

ಕೊನೆಗೆ ನಮ್ಮ ಮುಂದೆ ಎರಡು ಹೆಸರು ಉಳಿದವು, ಬಾಸ್ ಜಿಟಿ-1 ಮತ್ತು ಜೂಮ್ ಜಿ1 ಎಕ್ಸ್ ಫೋರ್. ಎರಡಕ್ಕೂ ಬಲಗಡೆ ಪಾದ ಇಟ್ಟು ಮೇಲೆ ಕೆಳಗೆ ಒತ್ತುವ ಹಲಗೆಯಿದೆ. ಎರಡೂ ನಾಲ್ಕು ಪೆನ್ಸಿಲ್ ಸೆಲ್ಲಿನಿಂದ ನಡೆಯುತ್ತವೆ. ಇದು ನಮಗೆ ದೊಡ್ಡ ಮಾತು. ನಾಟಕದ ರಾತ್ರಿ ಲೈಟು, ಮೈಕು, ಐಸ್‌ಕ್ರೀಮಿನವನ ಫ್ರಿಜ್ಜು ಎಲ್ಲ ಒಂದೇ ಲೈನಿನ ಮೇಲಿರುತ್ತವೆ. ಅಡಾಪ್ಟರ್ ಹಾಕಿದರೆ ಗಿಟಾರಿನಲ್ಲಿ ಜೇನುಹುಳ ಕೂತಂತೆ ಗುಂಯ್ ಅನ್ನುತ್ತದೆ, ಕರೆಂಟು ಹೋಗಿ ಜನರೇಟರ್ ಎತ್ತುವವರೆಗೆ ಪೆಟ್ಟಿಗೆ ಸತ್ತಿರುತ್ತದೆ. ಸೆಲ್ಲಾದರೆ ಆ ಗೊಡವೆಯಿಲ್ಲ, ಚೀಲದಲ್ಲಿ ಇನ್ನೊಂದು ಸೆಟ್ಟು ಇಟ್ಟುಕೊಂಡರಾಯಿತು. ಜಿಟಿ-1ರ ಸದ್ದು ನನ್ನ ಕಿವಿಗೆ ಹೆಚ್ಚು ತುಂಬಿದಂತೆ ಕೇಳಿಸಿತು. ಬೆಲೆ ನಮ್ಮ ಹತ್ತು ಸಾವಿರದ ಗೆರೆಯನ್ನು ಬಹಳ ದಾಟುತ್ತಿತ್ತು. ಹಾರ್ನಿನಲ್ಲಿ ಹೊರಬೀಳುವಾಗ ಆ ವ್ಯತ್ಯಾಸದಲ್ಲಿ ಉಳಿಯುವುದೆಷ್ಟು? ಜೂಮ್ ಕೊಂಡೆವು. ಒಟ್ಟಿಗೆ ಐದು ಪರಿಣಾಮಗಳವರೆಗೆ ಸೇರಿಸಬಹುದು ಎಂದು ಡಬ್ಬಿಯ ಮೇಲಿತ್ತು. ನಾವು ಎರಡಕ್ಕಿಂತ ಹೆಚ್ಚು ಸೇರಿಸಲಿಲ್ಲ.

ನಿಜವಾಗಿ ನಾವು ಕೊಂಡದ್ದು ಆ ಪಾದದ ಹಲಗೆಯನ್ನು. ಗಿಟಾರಿನ ತಂತಿಗೆ ಒಂದು ಕೊರತೆಯಿದೆ: ಮೀಟಿದ ಕ್ಷಣದಿಂದಲೇ ಸದ್ದು ಇಳಿಯಲು ಶುರುವಾಗುತ್ತದೆ. ಪೇಟಿಯ ಹಾಗೆ ಎತ್ತಿ ನಿಲ್ಲಿಸಲು ಬರುವುದಿಲ್ಲ. ಹಲಗೆಯನ್ನು ದನಿಯ ಪ್ರಮಾಣಕ್ಕೆ ಜೋಡಿಸಿ, ಮೀಟುವಾಗ ಹಿಂದಕ್ಕೆ ಒತ್ತಿಟ್ಟು, ಆಮೇಲೆ ಮೆಲ್ಲಗೆ ಮುಂದಕ್ಕೆ ಒತ್ತಿದರೆ ಮೀಟಿದ ‘ಟಂಗ್’ ಕೇಳುವುದೇ ಇಲ್ಲ. ಸ್ವರ ಎಲ್ಲಿಂದಲೋ ಉಬ್ಬಿ ಬಂದಂತೆ ಬರುತ್ತದೆ. ತಂತಿಯನ್ನು ಬೆರಳಲ್ಲಿ ಎಳೆದು ಜಾರಿಸಿದರೆ, 1940ರಲ್ಲಿ ಪೇಟಿಯನ್ನು ಹೊರಗೆ ಹಾಕಲು ಕೊಟ್ಟ ಕಾರಣವಿತ್ತಲ್ಲ, ಆ ಮೀಂಡೂ ಸಿಗುತ್ತದೆ. ಇದನ್ನು ಮೇಷ್ಟ್ರ ಮುಂದೆ ನುಡಿಸಿ ತೋರಿಸಿದಾಗ ಅವರು ಪೆಟ್ಟಿಗೆಯನ್ನು ನೋಡಲಿಲ್ಲ, ತಮ್ಮನ ಪಾದ ನೋಡಿದರು. ‘ಹಿಮ್ಮಡಿ ಎತ್ತಬ್ಯಾಡ, ಬೆರಳಲೇ ಒತ್ತು. ಹಿಮ್ಮಡಿ ಎತ್ತಿದ್ರೆ ತಿದಿ ಹರದಂಗ ಬರ್ತೈತಿ’ ಅಂದರು. ಯಾವ ಪುಸ್ತಕದಲ್ಲೂ ಇರದ ಸಲಹೆ ಅದು. ಸರಿಯಾಗಿಯೂ ಇತ್ತು.

ಸದ್ದುಗಳ ಜೋಡಣೆಯನ್ನು ಈ ಸಲ ನಾನು ಮುಟ್ಟಲಿಲ್ಲ. ತಮ್ಮ ನಾಟಕದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ದೃಶ್ಯದ ಕ್ರಮದಲ್ಲೇ ಜೋಡಿಸಿದ. ಆಮೇಲೆ ಒಂದು ಜಾಣತನ ಮಾಡಿದ. ಬೇಕಾದ ಪ್ರತಿ ಎರಡು ಸದ್ದುಗಳ ನಡುವೆ ಅದೇ ಶುದ್ಧ ಸದ್ದನ್ನು ನಕಲು ಮಾಡಿ ತುಂಬಿದ. ಕತ್ತಲಲ್ಲಿ ಒಂದು ಸಲ ಹೆಚ್ಚಿಗೆ ತುಳಿದರೂ ಬರಿ ಗಿಟಾರು ಕೇಳಿಸಬೇಕೇ ಹೊರತು ಟ್ರ್ಯಾಕ್ಟರ್ ಅಲ್ಲ. ಎಲ್ಲ ಸದ್ದುಗಳ ಮಟ್ಟವನ್ನೂ ಒಂದೇ ಮಾಡಿಕೊಂಡ, ಬದಲಿಸಿದಾಗ ಎಗರಬಾರದೆಂದು. ಹೀಗೆ ಮಾಡಿದ ಮೇಲೆ ಪೆಟ್ಟಿಗೆಯಲ್ಲಿ ನಿಜವಾಗಿ ಉಳಿದದ್ದು ನಾಲ್ಕು: ಬರಿ ಗಿಟಾರು, ನಡುಕ, ಸಪ್ತಕದ ಜೋಡಿ, ಖಳನಾಯಕನ ಪ್ರವೇಶಕ್ಕೊಂದು ಜವಾರಿ. ನೂರೈವತ್ತರಿಂದ ನಾಲ್ಕಕ್ಕೆ ಇಳಿಯಲು ನಮಗೆ ಆರು ವಾರ ಹಿಡಿದಿತ್ತು. ಮೇಷ್ಟ್ರ ಪೇಟಿಯ ಗುಬ್ಬಿಗಳನ್ನು ಎಣಿಸಿದೆ. ಎಂಟಿದ್ದವು. ಅವರು ಬಳಸುವುದು ನಾಲ್ಕೇ.

ಜೂನಿನ ಮೊದಲ ವಾರ, ಮಳೆ ಹಿಡಿಯುವ ಮುಂಚೆ, ಪಕ್ಕದ ಹಳ್ಳಿಯಲ್ಲಿ ನಾಟಕ. ಅದೇ ತಂಡ, ತಾಯಿಯ ಪಾತ್ರಕ್ಕೂ ಅದೇ ಕಲಾವಿದೆ. ಬಣ್ಣ ಹಚ್ಚಿಕೊಳ್ಳುವಲ್ಲಿಗೆ ಹೋಗಿ ನಾನು ಉಗಾದಿಯ ನಾಟಕದ ತಪ್ಪು ನನ್ನದೆಂದು ಹೇಳಿದೆ. ಅವರು ಕನ್ನಡಿಯಿಂದ ಕಣ್ಣು ತೆಗೆಯದೆ, ‘ನನ್ನ ಹಾಡು ಹೋತಲ್ಲವ್ವ ಅವತ್ತು’ ಅಂದರು. ಇಪ್ಪತ್ತೆರಡು ವರ್ಷದಿಂದ ಹಾಡುತ್ತಿರುವ ಹಾಡಂತೆ. ಎಲ್ಲ ಊರಲ್ಲೂ ಅಳಿಸಿದ್ದಾರಂತೆ. ನಾನು ಇನ್ನೇನೂ ಹೇಳಲಾಗದೆ ನಿಂತಿದ್ದೆ.

ರಾತ್ರಿ ಎರಡು ದಾಟಿದ ಮೇಲೆ ಆ ದೃಶ್ಯ ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅವರು ಸುಮ್ಮನಾದರು. ತಮ್ಮ ಪೆಟ್ಟಿಗೆಯ ಕಡೆ ನೋಡಲಿಲ್ಲ. ಎರಡೂ ಗುಂಡಿಗಳ ಮೇಲೆ ಉಗುರುಬಣ್ಣದ ಚುಕ್ಕೆಯಿತ್ತು, ಮುಂದಿನದಕ್ಕೆ ಒಂದು, ಹಿಂದಿನದಕ್ಕೆ ಎರಡು, ಬರಿಗಾಲಿಗೆ ತಾಗುವಷ್ಟು ದಪ್ಪವಾಗಿ. ಅವನ ಕಣ್ಣು ಕಲಾವಿದೆಯ ಕೊರಳ ಮೇಲಿತ್ತು. ಮೇಷ್ಟ್ರು ಸ್ವರ ಹಿಡಿದರು, ಅದರ ಕೆಳಗೆ ಗಿಟಾರು ಬಂದದ್ದು ನನಗೆ ಮೊದಲು ಗೊತ್ತಾಗಲೇ ಇಲ್ಲ. ಅವರು ಹಾಡಿದರು. ಹೆಂಗಸರ ಸಾಲಿನಲ್ಲಿ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು.

ನಾಟಕ ಮುಗಿದು ಸಾಮಾನು ಕಟ್ಟುವಾಗ ಮೇಷ್ಟ್ರು ತಮ್ಮನನ್ನು ಕರೆದರು. ‘ಆ ನಡುಕ ಐತಲ್ಲ, ನಾನು ಹಾಕಿದಾಗ ನೀ ಹಾಕಬ್ಯಾಡ. ಇಬ್ರೂ ನಡುಗಿದ್ರೆ ಜ್ವರ ಬಂದಂಗಾಗ್ತೈತಿ’ ಅಂದು, ಪೇಟಿಯ ಮುಚ್ಚಳ ಹಾಕಿ, ಅದರ ಒಂದು ಕಡೆ ಹಿಡಿಯಲು ಅವನಿಗೇ ಹೇಳಿದರು.